ಓದಿಗೆ ಅಧಿಕಾರಿ ಯಾರು?

ಶಾಸ್ತ್ರಗ್ರಂಥಗಳಲ್ಲಿ ‘ಅಧಿಕಾರ’ ಎಂಬ ಮಾತಿಗೆ ಆಳುವ ಹಕ್ಕು ಎಂಬ ಅರ್ಥವಿಲ್ಲ. ಒಂದು ಕರ್ಮವನ್ನು ಮಾಡುವುದಕ್ಕೆ ಅಥವಾ ಒಂದು ವಿದ್ಯೆಯನ್ನು ಪಡೆಯುವುದಕ್ಕೆ ಒಬ್ಬರಿಗಿರುವ ಅರ್ಹತೆಯನ್ನು ಅವು ಅಧಿಕಾರವೆಂದು ಕರೆಯುತ್ತವೆ. ಜೈಮಿನಿಯ ಪೂರ್ವಮೀಮಾಂಸಾ ಸೂತ್ರಗಳ ಆರನೆಯ ಅಧ್ಯಾಯ ಈ ಅಧಿಕಾರದ ವಿಚಾರಕ್ಕೇ ಮೀಸಲಾಗಿದ್ದು, ಅಂಗಹೀನರಿಗೆ ಯಜ್ಞದಲ್ಲಿ ಅಧಿಕಾರವುಂಟೇ ಎಂಬ ಪ್ರಶ್ನೆಯನ್ನು ಅದರ ಮೊದಲ ಪಾದದಲ್ಲೇ ಎತ್ತಿಕೊಳ್ಳುತ್ತದೆ. ಊನವನ್ನು ಸರಿಪಡಿಸಿಕೊಳ್ಳಲು ಬರುವಂತಿದ್ದರೆ ಅಧಿಕಾರವಿದೆ, ಬಾರದಿದ್ದರೆ ಇಲ್ಲ ಎಂಬುದು ಅಲ್ಲಿಯ ತೀರ್ಮಾನ. ಕಣ್ಣಿಲ್ಲದವನು ಆಜ್ಯಾವೇಕ್ಷಣವನ್ನು, ಅಂದರೆ ಹೋಮದ ತುಪ್ಪವನ್ನು ದಿಟ್ಟಿಸಿ ನೋಡುವ ವಿಧಿಯನ್ನು, ನೆರವೇರಿಸಲಾರ. ಕಾಲಿಲ್ಲದವನು ವಿಷ್ಣುಕ್ರಮವೆಂಬ ಹೆಜ್ಜೆಗಳನ್ನು ಇಡಲಾರ ಎಂದು ವ್ಯಾಖ್ಯಾನಕಾರರು ಕಾರಣ ಕೊಡುತ್ತಾರೆ. ಈ ತೀರ್ಮಾನ ಕಠೋರವಾದದ್ದು, ಅದನ್ನು ಮೃದುಗೊಳಿಸಿ ಹೇಳಬೇಕಾಗಿಲ್ಲ. ಆದರೆ ಅದರ ಯುಕ್ತಿ ನಿಂತಿರುವುದು ವ್ಯಕ್ತಿಯ ಪಾಪಪುಣ್ಯಗಳ ಮೇಲಲ್ಲ, ಸಾಮರ್ಥ್ಯದ ಮೇಲೆ. ಸಾಮರ್ಥ್ಯವಾದರೋ ಕರಣವನ್ನು, ಎಂದರೆ ಕ್ರಿಯೆ ನಡೆಯಲು ಬೇಕಾದ ಸಾಧನವನ್ನು, ಅವಲಂಬಿಸಿದೆ. ತುಪ್ಪವನ್ನು ನೋಡಲು ಕಣ್ಣಲ್ಲದೆ ಬೇರೆ ಕರಣವಿಲ್ಲ. ಪುಸ್ತಕವನ್ನು ಓದಲು ಇದೆ.

ಓದಿಗೆ ಅಧಿಕಾರಿ ಯಾರೆಂಬ ಪ್ರಶ್ನೆಗೆ ಉಡುಪಿಯ ಪರಿಸರದಲ್ಲಿ ಇನ್ನೊಂದು ದಿಕ್ಕಿನಿಂದಲೂ ಬೆಳಕು ಬೀಳುತ್ತದೆ. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಸಿದ್ಧಾಂತವು ಐದು ಬಾಹ್ಯೇಂದ್ರಿಯಗಳು ಮತ್ತು ಮನಸ್ಸು ಮಾತ್ರವಲ್ಲದೆ ‘ಸಾಕ್ಷಿ’ ಎಂಬ ಏಳನೆಯ ಇಂದ್ರಿಯವನ್ನೂ ಒಪ್ಪುತ್ತದೆ. ಉಳಿದ ಆರು ಪ್ರಕೃತಿಯಿಂದ ಆದವು, ಆದ್ದರಿಂದ ಅವುಗಳಲ್ಲಿ ದೋಷವೂ ಬರಬಹುದು. ಸಾಕ್ಷಿಯಾದರೋ ಜೀವದ ಸ್ವರೂಪವೇ ಆಗಿದ್ದು, ಸುಖದುಃಖಗಳನ್ನೂ ಕಾಲವನ್ನೂ ನೇರವಾಗಿ ಅರಿಯುತ್ತದೆ, ಮೂಡಿದ ಜ್ಞಾನ ನಿಜವೋ ಅಲ್ಲವೋ ಎಂಬುದನ್ನು ಕೊನೆಗೆ ನಿರ್ಣಯಿಸುವುದೂ ಅದೇ. ಹೀಗೆಂದ ಮೇಲೆ ವಾಕ್ಯವೊಂದು ಕಣ್ಣಿನಿಂದ ಬಂದರೂ, ಕಿವಿಯಿಂದ ಬಂದರೂ, ಬೆರಳ ತುದಿಯಿಂದ ಬಂದರೂ ಅದನ್ನು ಅರಿಯುವವನು ಒಬ್ಬನೇ. ಸರಕಾರಿ ಕನ್ನಡದಲ್ಲಿ ನೆಲೆಯೂರಿರುವ ‘ವಿಕಲಚೇತನ’ ಎಂಬ ಪದವು ಈ ದೃಷ್ಟಿಯಿಂದ ತಲೆಕೆಳಗಾದದ್ದು. ಊನವಿರುವುದು ಕರಣಕ್ಕೆ, ಪದವಾದರೋ ಅದನ್ನು ಚೇತನದ ತಲೆಗೆ ಕಟ್ಟುತ್ತದೆ.

ಇದಕ್ಕೆ ಆಕ್ಷೇಪವೊಂದು ಬರಬಹುದು: ಜೀವಜೀವಗಳ ನಡುವೆ ಮೇಲು ಕೀಳೆಂಬ ತಾರತಮ್ಯವನ್ನು ಹೇಳುವ ಮತ ಇದೇ ಅಲ್ಲವೇ? ಹೌದು. ಆದರೆ ಆ ತಾರತಮ್ಯ ಸ್ವರೂಪಯೋಗ್ಯತೆಗೆ, ಅಂದರೆ ಜೀವದ ಸಹಜ ಅರ್ಹತೆಗೆ, ಸಂಬಂಧಿಸಿದ್ದು, ದೇಹದ ಕಣ್ಣುಕಿವಿಗಳಿಗಲ್ಲ; ಶಾಲೆಯ ಪ್ರವೇಶಪತ್ರದಲ್ಲಿ ಅದನ್ನು ಅಳೆಯುವ ಅಂಕಣವಿಲ್ಲ.

ಕೃಷ್ಣಮಠಕ್ಕೆ ಬರುವವರು ಕನಕನ ಕಿಂಡಿಯ ಐತಿಹ್ಯವನ್ನು, ಭಕ್ತನಿಗಾಗಿ ದೇವರೇ ಪಶ್ಚಿಮಕ್ಕೆ ತಿರುಗಿದನೆಂಬ ಕಥೆಯನ್ನು, ಕೇಳಿಯೇ ಇರುತ್ತಾರೆ. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ, ಒಳಗೆ ಹೋದ ಭಕ್ತರೂ ಮೂರ್ತಿಯನ್ನು ಕಾಣುವುದು ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕವೇ. ಕಣ್ಣಿದ್ದವರಿಗೂ ಒಂದು ಕಿಂಡಿ ಬೇಕು. ಅಚ್ಚಿನ ಪುಟ ಅಂಥದೊಂದು ಕಿಂಡಿ, ಕನ್ನಡಕ ಇನ್ನೊಂದು. ಬ್ರೈಲ್ ಲಿಪಿಯನ್ನು ಮಾತ್ರ ‘ವಿಶೇಷ ಸೌಲಭ್ಯ’ವೆಂದು ಕರೆಯುವುದಕ್ಕೆ ಅಭ್ಯಾಸಬಲವನ್ನು ಬಿಟ್ಟರೆ ಬೇರೆ ಆಧಾರವಿಲ್ಲ.

ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ಒಪ್ಪಿತವಾಯಿತು. ಆರು ಚುಕ್ಕಿಗಳ ಮನೆಗಳಲ್ಲಿ ಬರೆಯುವ ಈ ಲಿಪಿಯಲ್ಲಿ ಸ್ವರವು ಅಚ್ಚಿನ ಕನ್ನಡದಲ್ಲಿರುವಂತೆ ವ್ಯಂಜನದ ಮೈಗೆ ಅಂಟಿಕೊಳ್ಳದೆ, ಉಚ್ಚಾರಣೆಯ ಕ್ರಮದಲ್ಲೇ ಅದರ ಮುಂದೆ ನಿಲ್ಲುತ್ತದೆ. ‘ಜ್ಞ’ಕ್ಕೆ ತನ್ನದೇ ಒಂದು ಚಿಹ್ನೆಯಿರುವುದರಿಂದ ‘ಜ್ಞಾನ’ ಎಂಬ ಪದ ಮೂರು ಮನೆಗಳಲ್ಲಿ ಮುಗಿಯುತ್ತದೆ. ಗಣಕಯಂತ್ರ ಬಂದ ಮೇಲೆ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಬರಹವನ್ನು ದನಿಯಾಗಿಸುವ ತಂತ್ರಾಂಶ, ಇನ್ನೊಂದು ದಾರಿಯನ್ನು ತೆರೆಯಿತು. ಕನ್ನಡದಲ್ಲಿ ಈ ದಾರಿ ಮುಚ್ಚಿಕೊಳ್ಳುವುದು ಬಹಳ ಸಣ್ಣ ಕಾರಣಕ್ಕೆ: ಅಚ್ಚಿಗಾಗಿ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಕಡತವು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಬೇರೆ ಸಂಕೇತಗಳಲ್ಲಿ ಇರುವುದರಿಂದ ತಂತ್ರಾಂಶ ಅದನ್ನು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಒದರುತ್ತದೆ, ಪುಟಗಳ ಚಿತ್ರವನ್ನಷ್ಟೇ ಸೇರಿಸಿದ ಪಿಡಿಎಫ್ ಎದುರಿಗೆ ಸುಮ್ಮನಾಗುತ್ತದೆ. ಅದೇ ಪಠ್ಯ ಯುನಿಕೋಡ್ ಎಂಬ ಸಮಾನ ಸಂಕೇತವ್ಯವಸ್ಥೆಯಲ್ಲಿದ್ದರೆ ಯಂತ್ರ ಓದುತ್ತದೆ. ಮುದ್ರಣಕ್ಕೆ ಹೆಸರಾದ ಮಣಿಪಾಲದಂಥ ಊರಿನ ಮಟ್ಟಿಗೆ ಇದು ತತ್ತ್ವಶಾಸ್ತ್ರದಷ್ಟೇ ಮೊಳೆಜೋಡಣೆಯ ಪ್ರಶ್ನೆಯೂ ಹೌದು.

ಕಿವಿ ಕೇಳದ ವಿದ್ಯಾರ್ಥಿಯ ವಿಷಯದಲ್ಲಿ ಪರಂಪರೆಯ ನೆರವು ಕಡಿಮೆ. ಶ್ರವಣ, ಮನನ, ನಿದಿಧ್ಯಾಸನ ಎಂಬ ಕ್ರಮದ ಮೊದಲ ಮೆಟ್ಟಿಲೇ ಕೇಳುವುದಾಗಿರುವಾಗ ಸಂಜ್ಞಾಭಾಷೆಯನ್ನು ಶ್ರವಣದ ಸ್ಥಾನದಲ್ಲಿ ನಿಲ್ಲಿಸುವ ಕೆಲಸವನ್ನು ಇಂದಿನವರೇ ಮಾಡಬೇಕು. ಬೌದ್ಧಿಕ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಬೇಕಾದದ್ದು ಇನ್ನೂ ಬೇರೆ: ಚಿಕ್ಕ ವಾಕ್ಯ, ಚಿತ್ರ, ಕೈಗೆ ಸಿಗುವ ವಸ್ತು. ಉಡುಪಿಯ ಆಶಾನಿಲಯ, ಕಾಪು ಕಡೆಯ ಪಾಂಬೂರಿನ ಮಾನಸ, ಕಾರ್ಕಳದ ವಿಜೇತ ಮೊದಲಾದ ವಿಶೇಷ ಶಾಲೆಗಳು ಇಂಥ ಮಕ್ಕಳಿಗಾಗಿಯೇ ನಡೆಯುತ್ತಿವೆ.

ಇಂಥ ಊನ ಏಕೆ ಬಂತೆಂಬ ಪ್ರಶ್ನೆಗೆ ಜನರ ಬಾಯಲ್ಲಿ ಉಳಿದಿರುವ ಸಮಾಧಾನ ಒಂದೇ: ಅದು ಅವರವರು ಪಡೆದುಕೊಂಡು ಬಂದದ್ದು. ಕರ್ಮಸಿದ್ಧಾಂತವನ್ನು ಅತ್ಯಂತ ಸೂಕ್ಷ್ಮವಾಗಿ ಬಿಡಿಸಿದ ಜೈನರ ನೆಲೆಯಲ್ಲಿ, 1432ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಕಾರ್ಕಳದಲ್ಲಿ, ಈ ಮಾತನ್ನು ಪರೀಕ್ಷಿಸಬಹುದು. ಜ್ಞಾನವನ್ನು ಮರೆಮಾಡುವ ಜ್ಞಾನಾವರಣೀಯ ಕರ್ಮ ಹೇಗೆ ಅಂಟುತ್ತದೆ ಎಂಬುದಕ್ಕೆ ತತ್ತ್ವಾರ್ಥಸೂತ್ರವು ಕೊಡುವ ಕಾರಣಗಳಲ್ಲಿ ನಿಹ್ನವ, ಮಾತ್ಸರ್ಯ, ಅಂತರಾಯ ಎಂಬ ಮೂರು ಸೇರಿವೆ: ತಿಳಿದದ್ದನ್ನು ಅಡಗಿಸುವುದು, ಕೊಡಬೇಕಾದವರಿಗೆ ಕೊಡದಿರುವುದು, ಮತ್ತೊಬ್ಬರ ಜ್ಞಾನಕ್ಕೆ ಅಡ್ಡಿಯಾಗುವುದು. ಹಾಗಾದರೆ ಕರ್ಮದ ಲೆಕ್ಕವನ್ನು ಕೇಳಬೇಕಾದದ್ದು ಪುಸ್ತಕ ಸಿಗದ ಮಗುವಿನ ಬಳಿಯಲ್ಲ, ಪುಸ್ತಕವನ್ನು ತಡೆದಿಟ್ಟವರ ಬಳಿ. ಜೈನ ದಾನಿ ಅತ್ತಿಮಬ್ಬೆ ಕವಿ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ್ದು ಶಾಸ್ತ್ರದಾನವೆಂದು ಪ್ರಸಿದ್ಧ. ಪಡೆದವರು ಓದಲಾಗದ ಪ್ರತಿಯನ್ನು ಆ ಲೆಕ್ಕಕ್ಕೆ ಹಿಡಿಯಲಾಗದು.

ಆದರೂ ದಾನವೆಂಬ ಮಾತು ಇಲ್ಲಿ ಸಾಲುವುದಿಲ್ಲ. ಕೊಡುವುದೂ ಬಿಡುವುದೂ ದಾನಿಯ ಇಷ್ಟ, ಋಣ ಹಾಗಲ್ಲ. ಕಲಿತದ್ದನ್ನು ಮುಂದಿನವರಿಗೆ ದಾಟಿಸಿದಾಗಲೇ ಋಷಿಋಣ, ಅಂದರೆ ವಿದ್ಯೆ ಕೊಟ್ಟ ಋಷಿಗಳಿಗೆ ಸಲ್ಲಬೇಕಾದ ಋಣ, ಪೂರ್ತಿಯಾಗಿ ತೀರುವುದೆಂದು ತಿಳಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆ ಋಣವನ್ನು ಲಿಖಿತಕ್ಕೆ ತಂದಿದೆ ಎನ್ನಬಹುದು: ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರುವ ವಿದ್ಯಾರ್ಥಿಗಳಿಗೆ ಹದಿನೆಂಟು ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ಸೂಕ್ತ ಸಾಧನಗಳನ್ನು ಉಚಿತವಾಗಿ ಒದಗಿಸುವುದನ್ನು ಅದರ 17ನೆಯ ಕಲಮು ಸರಕಾರ ಮತ್ತು ಸ್ಥಳೀಯ ಸಂಸ್ಥೆಗಳ ಹೊಣೆಯಾಗಿಸಿದೆ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ಬಳಿಕ, ಇಂಥ ವಿದ್ಯಾರ್ಥಿಗಳಿಗಾಗಿ ಪುಸ್ತಕವೊಂದನ್ನು ಅವರು ಓದಬಲ್ಲ ರೂಪಕ್ಕೆ ತರಲು ಲೇಖಕರ ಅನುಮತಿಯೂ ಬೇಕಾಗಿಲ್ಲ. ಇನ್ನು ಬೇಕಾಗಿರುವುದು ಯುನಿಕೋಡಿನಲ್ಲಿರುವ ಮೂಲ ಕಡತ. ಅದು ಪ್ರಕಾಶಕರ ಕೈಯಲ್ಲಿದೆ.