ಲೋಟನ ನೆರೆಯವರು, ಅಬ್ರಾಮನ ನೆರೆಯವರು

ಆದಿಕಾಂಡ 13ನೇ ಅಧ್ಯಾಯ ತೆಗೀರಿ. 14ಕ್ಕೆ ಒಂದು ಬೆರಳು ಇಟ್ಟುಕೊಳ್ಳಿ, 19ಕ್ಕೂ ಹೋಗೋದೈತಿ. ಮೊಬೈಲ್‌ನಲ್ಲಿ ಬೈಬಲ್ ಓದೋರು ದಯವಿಟ್ಟು ವಾಟ್ಸ್‌ಆ್ಯಪ್ ಬಂದ್ ಮಾಡ್ರಿ.

ಈಚೆಗೆ ಪ್ರಾರ್ಥನೆಗಂತ ನನ್ನ ಹತ್ತಿರ ಬರುವ ಯೌವನಸ್ಥ ದಂಪತಿಗಳು ಮದುವೆ, ಮಕ್ಕಳು, ಕೆಲಸದ ವಿಷಯ ಎಲ್ಲಾ ಹೇಳಿ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ತಾರೆ. "ಪಾಸ್ಟರ್, ಹುಬ್ಬಳ್ಳಿ ಬಿಟ್ಟು ಹೊರಗ ಹೋಗೋಣೋ ಬ್ಯಾಡೋ?" ಬಾಡಿಗೆ ಏರುತ್ತದೆ, ಸಂಬಳ ಏರುವುದಿಲ್ಲ. ಎರಡು ರೂಮಿನಲ್ಲಿ ಎರಡು ಮಕ್ಕಳು. ಧೂಳಿಗೆ ಸಣ್ಣ ಮಗುವಿಗೆ ಕೆಮ್ಮು ನಿಲ್ಲೋದಿಲ್ಲ. 2018ರಲ್ಲಿ ಚಿಗರಿ ಬಸ್ ಓಡಲು ಶುರುವಾದ ಮೇಲೆ ಹುಬ್ಬಳ್ಳಿ ಧಾರವಾಡದ ನಡುವಿನ 22 ಕಿಲೋಮೀಟರ್ ಒಂದೇ ಊರಾದ ಹಾಗೆ ಆಯಿತು. ಆ ರಸ್ತೆಗುಂಟ ಸೈಟ್ ತಗೊಳ್ಳೋ ಶಕ್ತಿ ನಮ್ಮಂಥವರಿಗೆ ಎಲ್ಲಿಂದ ಬರಬೇಕು? ಹಾಗಾಗಿ ಕಣ್ಣು ಇನ್ನೂ ಹೊರಗೆ ಹೋಗುತ್ತದೆ. ಕಲಘಟಗಿ ಕಡೆ, ಬಮ್ಮಿಗಟ್ಟಿ ಕಡೆ. (ಮುಮ್ಮಿಗಟ್ಟಿ ಅಲ್ಲ, ಬಮ್ಮಿಗಟ್ಟಿ. ಏಜೆಂಟ್ ಫೋನಿನಲ್ಲಿ ಹೇಳಿದಾಗ ಸರಿಯಾಗಿ ಕೇಳಿಸಿಕೊಳ್ರಿ. ಒಂದು ಬೆಳಗಾವಿ ದಾರಿ, ಇನ್ನೊಂದು ಕಲಘಟಗಿ ತಾಲ್ಲೂಕು!)

ಕೆಲವರು ಪ್ರವಾದನೆ ಕೇಳೋಕೆ ಬರ್ತಾರೆ. "ಈ ಸೈಟು ದೇವರ ಚಿತ್ತವೋ ಅಲ್ಲವೋ ಹೇಳ್ರಿ ಪಾಸ್ಟರ್." ನಾನು ಮೊದಲು ಕೇಳೋದು, ಉತಾರ ನೋಡಿದಿರೇನು? ಎನ್‌ಎ ಆಗೈತೇನು? ಪಂಚಾಯ್ತಿಯ ಇ-ಸ್ವತ್ತಿನಲ್ಲಿ ನಮೂನೆ 9, ನಮೂನೆ 11 ಬರ್ತಾವೇನು? ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿಯೇ ಲೂಕ 14ರಲ್ಲಿ ಹೇಳಿದ್ದಾರೆ. ಉತಾರ ನೋಡೋ ಕೆಲಸವನ್ನು ಪವಿತ್ರಾತ್ಮನ ಮೇಲೆ ಹಾಕಬ್ಯಾಡ್ರಿ. ಅದು ನಿಮ್ಮ ಕೆಲಸ. ಆಮೆನ್?

ಈಗ ವಾಕ್ಯಕ್ಕೆ ಬರೋಣ. ಇಬ್ಬರು ಸಂಬಂಧಿಕರು, ಇಬ್ಬರೂ ಪರಊರಿನವರು. ದನಕುರಿ ಹೆಚ್ಚಾಗಿ ಜಾಗ ಸಾಲಲಿಲ್ಲ. ನಮ್ಮದೇ ಸಮಸ್ಯೆ, ಹೌದಲ್ರೀ? ಅಬ್ರಾಮ ಹಿರಿಯ. ಆದರೂ ಮೊದಲು ಆರಿಸಿಕೊಳ್ಳುವ ಅವಕಾಶವನ್ನು ಸಹೋದರನ ಮಗನಿಗೆ ಕೊಟ್ಟ. ಲೋಟ ಕಣ್ಣೆತ್ತಿ ನೋಡಿದ. ಯೊರ್ದನಿನ ಬಯಲು ಪೂರ್ತಿ ನೀರಾವರಿ, ದೇವರ ತೋಟದ ಹಾಗೆ ಹಸಿರು. ಆರಿಸಿಕೊಂಡ, ಹೋದ. 12ನೇ ವಚನದಲ್ಲಿ ಅವನ ಗುಡಾರ ಸೊದೋಮಿನ ಸಮೀಪದ ತನಕ ಸರಿದಿತ್ತು. 14ನೇ ಅಧ್ಯಾಯಕ್ಕೆ ಬಂದರೆ ಸೊದೋಮಿನ ಒಳಗೇ ವಾಸ. 19ಕ್ಕೆ ಬಂದರೆ ಊರಬಾಗಿಲಲ್ಲಿ ಕೂತಿದ್ದಾನೆ.

ಇದನ್ನು ಓದಿ ಎಷ್ಟೋ ಬೋಧಕರು ಪಟ್ಟಣ ಪಾಪ, ಹಳ್ಳಿ ಪುಣ್ಯ ಅಂತ ಬೋಧಿಸಿಬಿಡ್ತಾರೆ. ನಾನು ಹಾಗೆ ಹೇಳೋದಿಲ್ಲ. ಯಾಕಂದರೆ ಅದೇ ಲೋಟ 19ನೇ ಅಧ್ಯಾಯದಲ್ಲಿ ಪಟ್ಟಣ ಬಿಟ್ಟು ಸಣ್ಣ ಊರಿಗೆ ಹೋಗ್ತೇನೆ ಅಂತ ದೇವದೂತರ ಮುಂದೆ ಅಂಗಲಾಚುತ್ತಾನೆ. ಚೋಗರ್. ಆ ಹೆಸರಿನ ಅರ್ಥವೇ ಸಣ್ಣದು. ದೇವರು ಕೊಟ್ಟ. ಆಮೇಲೆ? 30ನೇ ವಚನ ನೋಡ್ರಿ. ಆ ಸಣ್ಣ ಊರಿನಲ್ಲೂ ಅವನಿಗೆ ಹೆದರಿಕೆ. ಎರಡು ಹೆಣ್ಣುಮಕ್ಕಳನ್ನು ಕರಕೊಂಡು ಹೋಗಿ ಗವಿ ಸೇರಿದ. ಊರು ಬದಲಾಯಿತು, ಲೋಟ ಅವನೇ.

ಹಾಗಾದರೆ ಅಬ್ರಾಮನಿಗೂ ಲೋಟನಿಗೂ ಏನು ವ್ಯತ್ಯಾಸ? ಅಬ್ರಾಮ ಯಜ್ಞವೇದಿ ಕಟ್ಟಿದ, ಲೋಟ ಕಟ್ಟಿದ ಅಂತ ಎಲ್ಲೂ ಬರೆದಿಲ್ಲ. ಅದನ್ನು ನೀವು ಸಂಡೇ ಸ್ಕೂಲಿನಿಂದ ಕೇಳಿದ್ದೀರಿ. ಅದು ಸತ್ಯ. ನಾನು ಇವತ್ತು ತೋರಿಸಬೇಕು ಅಂದುಕೊಂಡದ್ದು ಅವರ ನೆರೆಯವರನ್ನ.

ಸೊದೋಮಿನಲ್ಲಿ ಒಂದು ರಾತ್ರಿ ಲೋಟನ ಮನೆಗೆ ಕಷ್ಟ ಬಂತು. ನೆರೆಯವರು ಬಂದರು. ಯಾಕೆ? ಬಾಗಿಲು ಒಡೆಯೋಕೆ! ಇವನು ಎಲ್ಲಿಂದಲೋ ಬಂದವ, ಈಗ ನಮಗೇ ನ್ಯಾಯ ಹೇಳ್ತಾನೇನು ಅಂದರು. ಅಷ್ಟು ವರ್ಷ ಇದ್ದ ಮೇಲೂ ಅವನು ಎಲ್ಲಿಂದಲೋ ಬಂದವನೇ. ಅಳಿಯಂದಿರಿಗೆ ಎಚ್ಚರಿಕೆ ಹೇಳಲು ಹೋದರೆ ತಮಾಷೆ ಅಂದುಕೊಂಡರು.

ಈಗ ಬೆರಳಿಟ್ಟ 14ನೇ ಅಧ್ಯಾಯ. ಲೋಟನನ್ನು ಶತ್ರುಗಳು ಸೆರೆ ಹಿಡಿದ ಸುದ್ದಿ ಅಬ್ರಾಮನಿಗೆ ಬರುತ್ತದೆ. ಅವನು ತನ್ನ 318 ಮಂದಿಯನ್ನು ಕರಕೊಂಡು ಹೊರಟ. ಅವರು ಮಾತ್ರವೋ? 13ನೇ ವಚನ, 24ನೇ ವಚನ ಕೂಡಿಸಿ ಓದ್ರಿ. ಮಮ್ರೆ, ಎಷ್ಕೋಲ, ಆನೇರ. ಅಮೋರಿಯರು. ಅಬ್ರಾಮನ ದೇವರನ್ನು ಆರಾಧಿಸುವವರಲ್ಲ, ಅವನ ರಕ್ತಸಂಬಂಧಿಗಳಲ್ಲ. ಅವರ ತೋಪಿನ ಹತ್ತಿರ ಗುಡಾರ ಹಾಕಿದ್ದ, ಅಷ್ಟೇ. ಆದರೂ ಅವನ ಸಹೋದರನ ಮಗನಿಗಾಗಿ ಜೀವದ ಹಂಗು ಬಿಟ್ಟು ರಾತ್ರಿ ಯುದ್ಧಕ್ಕೆ ಹೋದರು. ಒಬ್ಬನ ನೆರೆಯವರು ಬಾಗಿಲು ಒಡೆಯೋಕೆ ಬಂದರು, ಇನ್ನೊಬ್ಬನ ನೆರೆಯವರು ಬೆನ್ನಿಗೆ ನಿಂತರು. ಹಲ್ಲೆಲೂಯಾ.

ನಮ್ಮ ಸಭೆಯ ಒಂದು ಕುಟುಂಬ ಹೋದ ವರ್ಷ ಬಮ್ಮಿಗಟ್ಟಿಗೆ ಹೋಯಿತು. ಹೆಸರು ಹೇಳೋದಿಲ್ಲ, ಇಲ್ಲೇ ಕೂತಿದ್ದಾರೆ, ತಲೆ ತಗ್ಗಿಸಿದ್ದಾರೆ. ತಮ್ಮನಿಗೆ ಗೋಕುಲ ರೋಡಿನಲ್ಲಿ ಕೆಲಸ, ತಂಗಿ ನರ್ಸ್. ತಂಗಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಫ್ರೀ, ಆದರೆ ಸೀಟು ಫ್ರೀ ಇರಬೇಕಲ್ಲ! ಹೋಗಿ ಬರುವುದು ದಿನಕ್ಕೆ ಮೂರು ತಾಸು, ವಾರಕ್ಕೆ ಆರು ದಿನ, 18 ತಾಸು. ಬೆಳಿಗ್ಗೆ ಏಳಕ್ಕೆ ಬೀಗ ಹಾಕಿ ಹೊರಟರೆ ರಾತ್ರಿ ಎಂಟೂವರೆಗೆ ಬೀಗ ತೆಗೆಯೋದು. ಭಾನುವಾರ ಇಡೀ ದಿನ ಹುಬ್ಬಳ್ಳಿಯಲ್ಲಿ ನಮ್ಮ ಜೊತೆ. ಮೊದಲ ಎರಡು ತಿಂಗಳು ಆ ಓಣಿಯಲ್ಲಿ ಅವರಿಗೆ ಗೊತ್ತಿದ್ದದ್ದು ಬೀಗ ಒಂದೇ.

ತಂಗಿ ಫೋನಿನಲ್ಲಿ ಅತ್ತಳು. "ಪಾಸ್ಟರ್, ನಾವು ಇಲ್ಲಿ ಇರೋದಿಲ್ಲ, ಮಲಗ್ತೀವಿ ಅಷ್ಟೇ." ಆ ಮಾತು ನನಗೆ ಇನ್ನೂ ಚುಚ್ಚುತ್ತದೆ. ಹೆದರಿಕೆಯೂ ಇತ್ತು. ಹೊಸಬರು ಬಂದರೆ ಹಳ್ಳಿಯಲ್ಲಿ ಮೊದಲ ಪ್ರಶ್ನೆ ಏನು ಗೊತ್ತಲ್ಲ? "ನೀವು ಯಾರ ಪೈಕಿರಿ?" ಅದಕ್ಕೆ ಏನು ಉತ್ತರ ಕೊಡಬೇಕು ಅಂತ ಗೊತ್ತಾಗದೆ ಬಾಗಿಲು ಮುಂದೆ ಮಾಡಿ ಒಳಗೇ ಇದ್ದುಬಿಡ್ತಿದ್ದರು.

14:13ರಲ್ಲಿ ಇನ್ನೊಂದು ಮಾತಿದೆ. ಸುದ್ದಿ ತಂದವನು ಬಂದದ್ದು ಇಬ್ರಿಯನಾದ ಅಬ್ರಾಮನ ಹತ್ತಿರ. ಅಬ್ರಾಮನನ್ನು ಬೈಬಲಿನಲ್ಲಿ ಇಬ್ರಿಯ ಎಂದು ಕರೆದದ್ದು ಅದೇ ಮೊದಲು. ಅವನು ಯಾರ ಪೈಕಿ ಅನ್ನೋದು ಊರಿಗೆಲ್ಲ ಗೊತ್ತಿತ್ತು. ಮುಚ್ಚಿಡಲಿಲ್ಲ, ಡಂಗುರ ಹೊಡೆಯಲೂ ಇಲ್ಲ. ನೀವೂ ಕೇಳಿದವರಿಗೆ ಸುಮ್ಮನೆ ಹೇಳ್ರಿ, ನಾವು ಯೇಸುಸ್ವಾಮಿಯನ್ನು ನಂಬಿದವರು, ಚಹಾ ಕುಡೀರಿ ಬರ್ರಿ ಅಂತ. ರಾತ್ರಿ ಹತ್ತಕ್ಕೆ ಕೀಬೋರ್ಡು, ಸ್ಪೀಕರು ಬ್ಯಾಡ. ಆತ್ಮನ ಅಭಿಷೇಕಕ್ಕೆ ಆಂಪ್ಲಿಫೈಯರ್ ಬೇಕಿಲ್ಲ.

ಜಾತ್ರೆ ಪಟ್ಟಿ ಕೇಳೋಕೆ ಬಂದರೆ ಏನು ಮಾಡೋದು? ಇದನ್ನು ಎಲ್ಲರೂ ಕೇಳ್ತೀರಿ. ಸೊದೋಮಿನ ಅರಸ ಕೊಡಲು ಬಂದಾಗ ಅಬ್ರಾಮ ಒಂದು ದಾರವನ್ನೂ ಕೆರದ ಬಾರನ್ನೂ ಮುಟ್ಟಲಿಲ್ಲ. ಅಲ್ಲಿ ಗಟ್ಟಿ. ಆದರೆ ಅದೇ ಉಸಿರಿನಲ್ಲಿ ಮಮ್ರೆ, ಎಷ್ಕೋಲ, ಆನೇರರ ಪಾಲು ಅವರಿಗೆ ಸಿಗಲಿ ಅಂದ. ತನ್ನ ವೈರಾಗ್ಯವನ್ನು ನೆರೆಯವರ ಮೇಲೆ ಹೇರಲಿಲ್ಲ. ಆ ತಮ್ಮ ಏನು ಮಾಡಿದ ಗೊತ್ತೇ? ಬಂದ ಹಿರಿಯರನ್ನು ಕೂಡ್ರಿಸಿ, "ಅಣ್ಣಾರ, ಪೂಜೆಗೆ ನಮ್ಮಿಂದ ಆಗೋದಿಲ್ಲ, ತಪ್ಪು ತಿಳೀಬ್ಯಾಡ್ರಿ. ಶಾಲಿ ಮಕ್ಕಳಿಗೆ ನೋಟ್‌ಬುಕ್ ಕೊಡಸ್ತೀನಿ" ಅಂದ. ಒಬ್ಬರು ಮುಖ ಗಂಟಿಕ್ಕಿ ಹೋದರು. ಇನ್ನೊಬ್ಬರು ಚಹಾ ಕುಡಿದು ಹೋದರು. ಎಲ್ಲರೂ ಒಪ್ಪುತ್ತಾರೆ ಅಂತ ನಾನು ಭರವಸೆ ಕೊಡೋದಿಲ್ಲ.

ಒಂದು ರಾತ್ರಿ ಸಣ್ಣ ಮಗುವಿಗೆ ಜ್ವರ ಏರಿ ಕಣ್ಣು ಮೇಲಕ್ಕೆ ಹೋಯಿತು. ಹನ್ನೊಂದು ಗಂಟೆ, ಬಸ್ಸಿಲ್ಲ. 108ಕ್ಕೆ ಫೋನ್ ಹಚ್ಚಿ ಕಾಯುತ್ತಿದ್ದಾಗ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದವರು ಯಾರು? ಚಹಾ ಕುಡಿದು ಹೋದವರಲ್ಲ. ಮುಖ ಗಂಟಿಕ್ಕಿದವರು! ಕಿಮ್ಸ್ ತನಕ ಬಂದು ಬೆಳಗಿನ ತನಕ ವರಾಂಡದಲ್ಲಿ ಕೂತರು. ನಾನು ಹುಬ್ಬಳ್ಳಿಯಲ್ಲೇ ಇದ್ದವನು, ಅವರ ನಂತರ ಆಸ್ಪತ್ರೆ ಮುಟ್ಟಿದೆ. ಅದಾದ ಮೇಲೆ ಪಕ್ಕದ ಮನೆ ಅಜ್ಜಿ ಅಟ್ಟದಿಂದ ತೊಟ್ಟಿಲು ಇಳಿಸಿ ಒರೆಸಿ ಕೊಟ್ಟಳು, ಕಲಘಟಗಿ ಅರಗಿನ ಬಣ್ಣದ ತೊಟ್ಟಿಲು. ನಟ ಅಂಬರೀಷ್ ಅವರು ಯಶ್ ಅವರ ಮಗುವಿಗೆ ಮಾಡಿಸಿದ್ದರಲ್ಲ, ಆ ಕಲಘಟಗಿಯದೇ.

ಆ ತಂಗಿ ಈಗ ವಾರಕ್ಕೊಂದು ದಿನ ಡ್ಯೂಟಿ ಬದಲಾಯಿಸಿಕೊಂಡು ಮನೆಯಲ್ಲಿರುತ್ತಾಳೆ, ಸಂಬಳ ಸ್ವಲ್ಪ ಕಡಿಮೆ ಬರುತ್ತದೆ. ಆವತ್ತು ಬಾಗಿಲು ತೆರೆದಿರುತ್ತದೆ. ಓಣಿಯ ಅಜ್ಜಿಯರು ಬಿಪಿ ನೋಡಿಸಿಕೊಳ್ಳೋಕೆ ಬರ್ತಾರೆ. 18ನೇ ಅಧ್ಯಾಯದಲ್ಲಿ ಅಬ್ರಹಾಮ ಬಿಸಿಲಿನ ಹೊತ್ತಿನಲ್ಲಿ ಗುಡಾರದ ಬಾಗಿಲಲ್ಲಿ ಕೂತಿದ್ದ. ಮನೆಯಲ್ಲಿ ಇದ್ದದ್ದಕ್ಕೇ ದೂತರು ಸಿಕ್ಕರು.

ನಮ್ಮ ನೆಲದಲ್ಲೇ ಇದಕ್ಕೆ ಸಾಕ್ಷಿ ಇದೆ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂತು. 1853ರಲ್ಲಿ 21ರ ಯುವಕ ಕಿಟೆಲ್ ಬಂದರು. ಜನರ ಬಾಯಿಂದ ಮಾತು ಕೇಳಿ ಕೇಳಿ ಕಲಿತರು, 1894ರಲ್ಲಿ ಕನ್ನಡ ನಿಘಂಟು ಪ್ರಕಟವಾಯಿತು. ಬಂದ ವರ್ಷದಿಂದ ಲೆಕ್ಕ ಹಾಕ್ರಿ, 41 ವರ್ಷ. ನಮಗೆ ಆರು ತಿಂಗಳಲ್ಲಿ ಓಣಿಯ ಎಲ್ಲರೂ ಸಭೆಗೆ ಬರಬೇಕು!

ಹಾಗಂತ ಎಲ್ಲರೂ ಹೋಗ್ರಿ ಅಂತ ಹೇಳ್ತಾ ಇಲ್ಲ. ವಾರದ 18ರ ಲೆಕ್ಕ ನಿಮ್ಮ ಮದುವೆಗೆ ಭಾರ ಆಗುವುದಾದರೆ ಇಲ್ಲೇ ಎರಡು ರೂಮಿನಲ್ಲಿ ಇರ್ರಿ, ಅದರಲ್ಲಿ ಅವಮಾನ ಇಲ್ಲ. ಆದರೆ ಇಲ್ಲಿದ್ದರೂ ಮೇಲಿನ ಮಹಡಿಯವರ ಹೆಸರು ಗೊತ್ತೈತೇನು? ಕೈ ಎತ್ತಬ್ಯಾಡ್ರಿ, ನನಗೆ ಉತ್ತರ ಗೊತ್ತು.

ಈ ತಿಂಗಳಿಂದ ಎರಡನೇ ಗುರುವಾರದ ಪ್ರಾರ್ಥನಾಕೂಟ ಬಮ್ಮಿಗಟ್ಟಿಯ ಅವರ ಮನೆಯಲ್ಲಿ. ಅವರು ನಮ್ಮ ಕಡೆ ಬಂದು ಬಂದು ಸಾಕಾಗಿದ್ದಾರೆ, ಈಗ ನಾವು ಹೋಗೋಣ. ಚಪ್ಪಲಿ ಪಕ್ಕದ ಮನೆಯ ಕಟ್ಟೆ ಮುಂದೆ ಬಿಡಬ್ಯಾಡ್ರಿ, ಬೈಕು ಅವರ ಬಾಗಿಲಿಗೆ ಅಡ್ಡ ನಿಲ್ಲಿಸಬ್ಯಾಡ್ರಿ. ಒಂಬತ್ತಕ್ಕೆ ಮುಗಿಸೋಣ.

ಮನೆ ಬದಲಾಯಿಸುತ್ತಿರುವ ಕುಟುಂಬಗಳು ಈಗ ಮುಂದೆ ಬರ್ರಿ. ನಿದ್ದೆ ಹೋದ ಮಕ್ಕಳನ್ನೂ ಎತ್ತಿಕೊಂಡೇ ಬರ್ರಿ. ಹಿರಿಯರು ಬಂದು ಕೈಯಿಡಲಿ. ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ಈ ಮಕ್ಕಳು ಹೋಗುವ ಓಣಿಗಳು ನಿನಗೆ ಗೊತ್ತಿವೆ. ಆ ಓಣಿಗಳಲ್ಲಿ ಈಗಾಗಲೇ ಇರುವವರ ಹೆಸರುಗಳೂ ನಿನಗೆ ಗೊತ್ತಿವೆ. ಅವರನ್ನೂ ಇವರನ್ನೂ ಯೇಸುವಿನ ನಾಮದಲ್ಲಿ ಆಶೀರ್ವದಿಸು. ಆಮೆನ್.