ಶಿಖರ ಮುಟ್ಟದವನ ಕಾಣಿಕೆ

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: 2 ಕೊರಿಂಥ 8:1-21, 1 ಅರಸು 8:17-19

ಎಲ್ಲರೂ ದೇವರಿಗೆ ಒಂದು ಸ್ತೋತ್ರ ಹೇಳೋಣ. ಹಲ್ಲೆಲೂಯಾ!

ಇವತ್ತಿನ ಸಂದೇಶ ಒಂದು ಪ್ರಶ್ನೆಯಿಂದ ಹುಟ್ಟಿದ್ದು. ನಮ್ಮ ಸಭೆಯ ಒಬ್ಬ ಯುವಕ ಆಫ್ರಿಕಾದ ಕಿಲಿಮಂಜಾರೋ ಬೆಟ್ಟ ಹತ್ತಲಿಕ್ಕೆ ಹೋಗಿದ್ದು ನಿಮಗೆ ಗೊತ್ತು. ಹುಟ್ಟಿದಾಗಲೇ ಹೃದಯದಲ್ಲಿ ರಂಧ್ರವಿರುವ ಬಡಮಕ್ಕಳ ಆಪರೇಷನ್‌ಗೆ ಅಂತ ಹಣ ಕೂಡಿಸಿದ. ನಿಮ್ಮಲ್ಲಿ ಎಷ್ಟೋ ಜನ ಕೊಟ್ಟಿದ್ದೀರಿ. ಈಗ ಇನ್ನೂ ನಾಲ್ಕು ಜನ ಯುವಕರು "ಪಾಸ್ಟರ್, ನಾವೂ ಒಂದು ಬೆಟ್ಟ ಹತ್ತಿ ಹಣ ಕೂಡಿಸ್ತೀವಿ" ಅಂತ ಬಂದಿದ್ದಾರೆ. ಅದನ್ನ ಕೇಳಿದ ಒಬ್ಬ ಹಿರಿಯ ತಾಯಿ, ಹೋದ ವಾರ ಮನೆ ಪ್ರಾರ್ಥನೆ ಮುಗಿದ ಮೇಲೆ ನನ್ನನ್ನ ನಿಲ್ಲಿಸಿ ಕೇಳಿದ್ರು: "ಅಲ್ಲ ಅಯ್ಯನವರೇ, ಮಗುಗೆ ದುಡ್ಡು ಬೇಕು ಅಂದ್ರೆ ಕೇಳಿದ್ರೆ ಕೊಡಲ್ವಾ ನಾವು? ಅದಕ್ಕೆ ಬೆಟ್ಟ ಯಾಕೆ ಹತ್ತಬೇಕು?"

ಒಳ್ಳೆಯ ಪ್ರಶ್ನೆ. ಆ ತಾಯಿಗೆ ಅಲ್ಲಿ ನಿಂತುಕೊಂಡೇ ಉತ್ತರ ಹೇಳಿಬಿಡೋಕೆ ನನಗೆ ಮನಸ್ಸಾಗಲಿಲ್ಲ. ವಾರವೆಲ್ಲ ವಾಕ್ಯದ ಮುಂದೆ ಕೂತು ಧ್ಯಾನಿಸಿದೆ. ಕರ್ತನು ಕೊಟ್ಟದ್ದನ್ನ ಮೂರು ಭಾಗವಾಗಿ ಹೇಳ್ತೇನೆ. ಗಮನ ಕೊಡಿ.

ಮೊದಲು ಆ ಬೆಟ್ಟದ ವಿಷಯ ಸ್ವಲ್ಪ ತಿಳಿದುಕೊಳ್ಳಿ. ಕಿಲಿಮಂಜಾರೋ ಇರುವುದು ತಾಂಜಾನಿಯಾ ದೇಶದಲ್ಲಿ. ಎತ್ತರ 5,895 ಮೀಟರ್. ನಮ್ಮ ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂಥಾ ಮೂರು ಗಿರಿಗಳನ್ನ ಒಂದರ ಮೇಲೊಂದು ಇಟ್ಟ ಹಾಗೆ. ಕೆಳಗೆ ಬಾಳೆ, ಕಾಫಿ ಬೆಳೆಯೋ ಊರುಗಳು, ಆಮೇಲೆ ದಟ್ಟ ಕಾಡು, ಆಮೇಲೆ ಕುರುಚಲು ಗಿಡ, ಆಮೇಲೆ ಬರೀ ಕಲ್ಲು ಮಣ್ಣು, ತುದಿಯಲ್ಲಿ ಹಿಮ. ಭೂಮಧ್ಯರೇಖೆಯ ಹತ್ತಿರ ಹಿಮ! ಶಿಖರದಲ್ಲಿ ನಾವು ಉಸಿರಿಗೆ ಎಳೆದುಕೊಳ್ಳೋ ಆಕ್ಸಿಜನ್ ಸಮುದ್ರಮಟ್ಟದಲ್ಲಿ ಸಿಗೋದರ ಅರ್ಧದಷ್ಟು ಮಾತ್ರ. ಅದಕ್ಕೇ ಅಲ್ಲಿಯ ಗೈಡ್‌ಗಳು ದಾರಿಯುದ್ದಕ್ಕೂ ಒಂದೇ ಮಾತು ಹೇಳ್ತಾರೆ, "ಪೋಲೆ ಪೋಲೆ". ಸ್ವಾಹಿಲಿ ಭಾಷೆಯಲ್ಲಿ "ನಿಧಾನ, ನಿಧಾನ" ಅಂತ ಅರ್ಥ.

ಈ ಬೆಟ್ಟವನ್ನ ಧರ್ಮಕಾರ್ಯಕ್ಕಾಗಿ ಹತ್ತುವವರು ಬಹಳ. 2009ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಹಾಡುಗಾರರು, ಟಿವಿ ರೇಡಿಯೋದವರು ಒಟ್ಟು ಒಂಬತ್ತು ಜನ ಕಾಮಿಕ್ ರಿಲೀಫ್ ಅನ್ನೋ ಸಂಸ್ಥೆಗಾಗಿ ಇದೇ ಬೆಟ್ಟ ಹತ್ತಿದರು. 30 ಲಕ್ಷ ಪೌಂಡ್‌ಗೂ ಹೆಚ್ಚು ಹಣ ಕೂಡಿತು. ಮಲೇರಿಯಾ ತಡೆಯೋ ಸೊಳ್ಳೆ ಪರದೆಗಳಿಗೂ ಅದರಲ್ಲಿ ಹಣ ಹೋಯಿತು. ಆದ್ದರಿಂದ ಇದನ್ನ ಬರೀ ಮೋಜು ಅಂತ ತಳ್ಳಿಹಾಕೋಕೆ ಆಗಲ್ಲ.

ಒಂದನೆಯದು: ಕಣ್ಣು ಯಾರ ಮೇಲೆ?

ಮತ್ತಾಯ 6ನೇ ಅಧ್ಯಾಯದಲ್ಲಿ ಕರ್ತನು ಎಚ್ಚರಿಕೆ ಕೊಡ್ತಾನೆ. ಜನ ನೋಡಲಿ ಅಂತ ಧರ್ಮ ಮಾಡಬೇಡಿ, ತುತ್ತೂರಿ ಊದಿಸಬೇಡಿ ಅಂತಾನೆ. ಹಾಗಾದ್ರೆ ಬೆಟ್ಟ ಹತ್ತಿ ಫೋಟೋ ಹಾಕೋದು ತುತ್ತೂರಿ ಅಲ್ವಾ? ಆಗಬಹುದು. ಇವತ್ತಿನ ತುತ್ತೂರಿ ನಮ್ಮೆಲ್ಲರ ಜೇಬಿನಲ್ಲೇ ಇದೆ.

ಆದರೆ ಇನ್ನೊಂದು ಕಡೆ ನೋಡಿ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅಪೊಸ್ತಲನಾದ ಪೌಲನು ಹಣ ಕೂಡಿಸ್ತಾನೆ. ಅದನ್ನ ಗುಟ್ಟಾಗಿ ಮಾಡಲಿಲ್ಲ. ಕೊರಿಂಥದವರ ಆಸಕ್ತಿಯನ್ನ ಮಕೆದೋನ್ಯದವರಿಗೆ ಹೇಳಿದ, ಮಕೆದೋನ್ಯದವರ ಔದಾರ್ಯವನ್ನ ಕೊರಿಂಥದವರಿಗೆ ಹೇಳಿದ. ಒಬ್ಬರ ಬೆಂಕಿಯಿಂದ ಇನ್ನೊಬ್ಬರ ಒಲೆ ಹೊತ್ತಿಸಿದ. ಅಂದ್ರೆ ಬಹಿರಂಗವಾಗಿ ಜನರನ್ನ ಎಬ್ಬಿಸೋದು ಪಾಪ ಅಲ್ಲ. ಪೌಲನು ಪತ್ರಿಕೆಯಲ್ಲಿ ತನ್ನನ್ನ ತೋರಿಸಲಿಲ್ಲ, ಕೊರತೆಯಲ್ಲಿದ್ದವರನ್ನ ತೋರಿಸಿದ. ವ್ಯತ್ಯಾಸ ಅಲ್ಲಿದೆ.

ಅಮ್ಮಾ, ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಬೆಟ್ಟ ಹತ್ತಿದ್ರೆ ಒಂದು ರೂಪಾಯಿ ಎರಡು ರೂಪಾಯಿ ಆಗಲ್ಲ. ಆದ್ರೆ ನಮ್ಮಂಥವರ ಕಿವಿ ಮುಚ್ಚಿಕೊಂಡಿರುತ್ತೆ. "ಒಂದು ಮಗುಗೆ ಹುಷಾರಿಲ್ಲ" ಅಂದ್ರೆ "ಅಯ್ಯೋ ಪಾಪ" ಅಂದು ಮುಂದೆ ಹೋಗ್ತೀವಿ. "ನಾನು ಬೆಟ್ಟ ಹತ್ತೋಕೆ ಹೋಗ್ತಿದ್ದೀನಿ" ಅಂದ್ರೆ "ಯಾಕೋ?" ಅಂತ ನಿಂತು ಕೇಳ್ತೀವಿ. ಆ "ಯಾಕೆ" ಅನ್ನೋ ಬಾಗಿಲಲ್ಲಿ ಮಗುವಿನ ಹೆಸರು ಒಳಗೆ ಬರುತ್ತೆ. ಬಾಗಿಲು ತೆರೆಯಿತು ಅಂದ್ರೆ ಬೆಟ್ಟದ ಕೆಲಸ ಮುಗೀತು. ಯುವಕರೇ, ನಿಮಗೊಂದು ಪರೀಕ್ಷೆ ಹೇಳ್ತೇನೆ: ನೀವು ಬಂದು ಒಂದು ತಿಂಗಳಾದ ಮೇಲೆ ಜನಕ್ಕೆ ನಿಮ್ಮ ಫೋಟೋ ನೆನಪಿದೆಯೋ, ಮಗು ನೆನಪಿದೆಯೋ? ಆಮೆನ್ ಅನ್ನೋಕೆ ಸ್ವಲ್ಪ ಕಷ್ಟ, ಆದ್ರೂ ಆಮೆನ್ ಹೇಳಿ.

ಎರಡನೆಯದು: ಖರ್ಚು ಯಾರದು, ಹೊರೆ ಯಾರದು?

ಲೂಕ 14ರಲ್ಲಿ, ಗೋಪುರ ಕಟ್ಟಬೇಕೆನ್ನುವವನು ಮೊದಲು ಕೂತು ಲೆಕ್ಕ ಹಾಕಬೇಕು ಅಂತ ಕರ್ತನು ಹೇಳಿದ್ದಾನೆ. ಇಂಥ ಪ್ರಯಾಣಗಳಲ್ಲಿ ಎರಡು ರೀತಿ ಇದೆ. ಒಂದರಲ್ಲಿ ವಿಮಾನದ ಟಿಕೆಟ್, ಪಾರ್ಕಿನ ಶುಲ್ಕ, ಗೈಡ್, ಊಟ ಎಲ್ಲವನ್ನೂ ಹೋಗುವವನೇ ತನ್ನ ಜೇಬಿನಿಂದ ಹಾಕ್ತಾನೆ. ಕೂಡಿದ ದೇಣಿಗೆ ಪೂರ್ತಿ ರೋಗಿಗೆ ಹೋಗುತ್ತೆ. ಇನ್ನೊಂದರಲ್ಲಿ ಇಷ್ಟು ದೇಣಿಗೆ ಕೂಡಿಸಿದ್ರೆ ಪ್ರಯಾಣದ ಖರ್ಚನ್ನ ಅದರಲ್ಲೇ ತೆಗೀತಾರೆ. ಕೊಡುವವರಿಗೆ ಮೊದಲೇ ಹೇಳಿದ್ರೆ ಅದು ಮೋಸ ಅಲ್ಲ. ಆದರೆ ಹೇಳದೆ ಇದ್ರೆ? ಮಗುವಿನ ಹೆಸರಲ್ಲಿ ಕೊಟ್ಟ ನೂರು ರೂಪಾಯಿ ನನ್ನ ಪ್ರವಾಸಕ್ಕೆ ಹೋದ ಹಾಗೆ.

2 ಕೊರಿಂಥ 8:20-21 ಮನೆಗೆ ಹೋಗಿ ಓದಿ. ಪೌಲನು ಅಪೊಸ್ತಲ, ಅವನನ್ನ ಯಾರು ಸಂದೇಹಪಡ್ತಾರೆ? ಆದ್ರೂ ಹಣವನ್ನ ಒಬ್ಬನೇ ಹಿಡಿಯಲಿಲ್ಲ. ತೀತನ ಜೊತೆ ಇನ್ನಿಬ್ಬರನ್ನ ಕಳಿಸಿದ. ಕರ್ತನ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಲೆಕ್ಕ ಸರಿಯಿರಬೇಕು ಅನ್ನೋದು ಅವನ ಚಿಂತೆ. ಬೈಬಲ್ ಕಾಲೇಜಿನಲ್ಲಿ ಈ ಭಾಗ ಓದುವಾಗ ನಮ್ಮ ಗುರುಗಳು ಇದನ್ನೇ ಒತ್ತಿ ಒತ್ತಿ ಹೇಳ್ತಿದ್ರು. ಪ್ರಾರ್ಥನೆ ಮಾಡೋವಾಗ ಕಣ್ಣು ಮುಚ್ಚಿ, ಕಾಣಿಕೆ ಎಣಿಸೋವಾಗ ಕಣ್ಣು ತೆರೆದಿರಿ, ಎರಡೂ ಆತ್ಮಿಕವೇ.

ಈಗ ಹೊರೆಯ ಮಾತು. ಕಿಲಿಮಂಜಾರೋ ಹತ್ತುವ ಒಬ್ಬೊಬ್ಬನ ಹಿಂದೆ ಹೆಚ್ಚುಕಮ್ಮಿ ಮೂರು ಜನ ಕೂಲಿಯವರು ಇರ್ತಾರೆ. ಟೆಂಟು, ಸ್ಟೌವ್, ಅಕ್ಕಿ ಬೇಳೆ, ನೀರು, ಎಲ್ಲ ಅವರ ತಲೆ ಮೇಲೆ, ಭುಜದ ಮೇಲೆ. ಒಬ್ಬರು 20 ಕಿಲೋ ಮಾತ್ರ ಹೊರಬೇಕು ಅಂತ ನಿಯಮ ಇದೆ, ಗೇಟಿನಲ್ಲಿ ತೂಕ ಹಾಕ್ತಾರೆ. ಆದ್ರೂ ಹೆಚ್ಚು ಹೊರಿಸೋದು, ಕೂಲಿ ಕಡಿಮೆ ಕೊಡೋದು, ಸರಿಯಾದ ಬೂಟು ಜಾಕೆಟ್ ಇಲ್ಲದೆ ಚಳಿಯಲ್ಲಿ ಕಳಿಸೋದು ನಡೆದಿದೆ. ಅದಕ್ಕಾಗಿಯೇ 2003ರಿಂದ ಅಲ್ಲಿ ಕೂಲಿಯವರ ಪರವಾಗಿ ಒಂದು ಸಂಸ್ಥೆ ಕೆಲಸ ಮಾಡ್ತಿದೆ. ಅವರಿಗೆ ಬೆಚ್ಚಗಿನ ಬಟ್ಟೆ ಉಚಿತವಾಗಿ ಎರವಲು ಕೊಡುತ್ತೆ.

ಯಾಕೋಬನ ಪತ್ರಿಕೆ 5:4 ನೆನಪು ಮಾಡ್ಕೊಳ್ಳಿ. ತಡೆಹಿಡಿದ ಕೂಲಿ ಕೂಗುತ್ತೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿ ಮುಟ್ಟುತ್ತೆ. ಬೆಂಗಳೂರಿನ ಮಗುವಿನ ಹೃದಯಕ್ಕೆ ಅಂತ ಹಣ ಕೂಡಿಸ್ತಾ, ಬೆಟ್ಟದಲ್ಲಿ ಇನ್ನೊಬ್ಬ ತಾಯಿಯ ಮಗನ ಬೆನ್ನು ಮುರಿದ್ರೆ ಆ ಕಾಣಿಕೆಯನ್ನ ದೇವರು ಹೇಗೆ ಮೂಸಿ ನೋಡ್ಯಾನು?

ಎಡ್ಮಂಡ್ ಹಿಲರಿಯವರ ಹೆಸರು ಕೇಳಿದ್ದೀರಿ. 1953ರಲ್ಲಿ ತೇನ್‌ಸಿಂಗ್ ಜೊತೆ ಎವರೆಸ್ಟ್ ಮೇಲೆ ನಿಂತವರು. ಅಷ್ಟಕ್ಕೇ ನಿಲ್ಲಿಸಿದ್ರೆ ಅವರ ಹೆಸರು ಶಾಲಾ ಪುಸ್ತಕದಲ್ಲಿ ಮಾತ್ರ ಇರ್ತಿತ್ತು. ಆದ್ರೆ ಅವರು ತಮ್ಮ ಹೊರೆ ಹೊತ್ತ ಶೆರ್ಪಾಗಳ ಊರಿಗೆ ಮತ್ತೆ ಮತ್ತೆ ಹೋದರು. 1960ರಲ್ಲಿ ಹಿಮಾಲಯನ್ ಟ್ರಸ್ಟ್ ಕಟ್ಟಿದರು. 1961ರಲ್ಲಿ ಖುಮ್‌ಜುಂಗ್ ಅನ್ನೋ ಹಳ್ಳಿಯಲ್ಲಿ ಶಾಲೆ ಎದ್ದಿತು. ಆಮೇಲೆ ಆಸ್ಪತ್ರೆ. ಬೆಟ್ಟ ಹತ್ತಿದ್ದು ಒಂದು ದಿನದ ಸುದ್ದಿ, ಹೊರೆ ಹೊತ್ತವರ ಮಕ್ಕಳಿಗೆ ಅಕ್ಷರ ಕಲಿಸಿದ್ದು ತಲೆಮಾರುಗಳ ಕೆಲಸ. ಗಲಾತ್ಯ 6:2 ಹೇಳೋದು ಇದನ್ನೇ ಅಲ್ವಾ, ಒಬ್ಬರ ಭಾರ ಇನ್ನೊಬ್ಬರು ಹೊರಬೇಕು ಅಂತ? ಪಕ್ಕದಲ್ಲಿರುವವರಿಗೆ ಹೇಳಿ: "ನಿನ್ನ ಹೊರೆ ಯಾರು ಹೊತ್ತಿದ್ದಾರೆ, ನೋಡ್ಕೋ."

ಮೂರನೆಯದು: ತುದಿ ಮುಟ್ಟದಿದ್ದರೆ?

ಇದನ್ನ ಆ ಯುವಕನ ಒಪ್ಪಿಗೆ ಪಡೆದೇ ಹೇಳ್ತಿದ್ದೇನೆ. ಅವನು ಶಿಖರ ಮುಟ್ಟಲಿಲ್ಲ.

ಕಡೆಯ ರಾತ್ರಿ, ನಡುರಾತ್ರಿಯಲ್ಲಿ ಬರಾಫು ಕ್ಯಾಂಪಿನಿಂದ ಹೊರಟರು. ಬರಾಫು ಅಂದ್ರೆ ಅವರ ಭಾಷೆಯಲ್ಲಿ ಮಂಜುಗಡ್ಡೆ. ಕತ್ತಲು, ತಲೆಗೆ ಕಟ್ಟಿದ ಟಾರ್ಚಿನ ಬೆಳಕು, ಮುಂದಿನವನ ಹಿಮ್ಮಡಿ ಬಿಟ್ಟು ಬೇರೇನೂ ಕಾಣಲ್ಲ. ಸುಮಾರು 5,500 ಮೀಟರ್ ಹತ್ತಿರ ಅವನಿಗೆ ವಾಂತಿ ಶುರುವಾಯ್ತು. ತಲೆ ಸಿಡಿಯೋ ನೋವು. ಕಾಲು ಕುಡಿದವನ ಹಾಗೆ ತೂರಾಡೋಕೆ ಶುರುವಾಯ್ತು. ಎತ್ತರದಲ್ಲಿ ಹೀಗೆ ತೂರಾಡಿದ್ರೆ ಮೆದುಳು ಊದಿಕೊಳ್ತಿರಬಹುದು ಅಂತ ಅರ್ಥ. ಅದಕ್ಕೆ ಮೊದಲ ಔಷಧಿ ಕೆಳಗೆ ಇಳಿಯೋದು. ತಡ ಮಾಡಿದ್ರೆ ಪ್ರಾಣ ಹೋಗುತ್ತೆ. ಗೈಡ್ ಅವನ ತೋಳು ಹಿಡಿದು ತಿರುಗಿಸಿದ. ಇವನು ಅತ್ತ. "ನಾನು ಎಷ್ಟೋ ಜನಕ್ಕೆ ಮಾತು ಕೊಟ್ಟಿದ್ದೀನಿ" ಅಂದ. ಗೈಡ್ ಕೇಳಲಿಲ್ಲ, ಇಳಿಸಿಕೊಂಡು ಬಂದ. ದೇವರಿಗೆ ಸ್ತೋತ್ರ.

ಊರಿಗೆ ಬಂದು ಮೂರು ವಾರ ಅವನು ಆರಾಧನೆಗೆ ಬರಲಿಲ್ಲ. ನಾನೇ ಮನೆಗೆ ಹೋದೆ. ತಲೆ ತಗ್ಗಿಸಿ ಕೇಳಿದ: "ಅಯ್ಯನವರೇ, ದುಡ್ಡು ಕೊಟ್ಟವರಿಗೆಲ್ಲ ವಾಪಸ್ ಕೊಡಬೇಕಾ?"

ನಾನು ಅವನಿಗೆ ಅರಸುಗಳ ಮೊದಲನೇ ಪುಸ್ತಕ 8ನೇ ಅಧ್ಯಾಯ ತೆರೆದು ಕೊಟ್ಟೆ. ದಾವೀದನು ದೇವರಿಗೆ ಆಲಯ ಕಟ್ಟಬೇಕು ಅಂತ ಬಯಸಿದ. ದೇವರು "ನೀನು ಕಟ್ಟೋದು ಬೇಡ, ನಿನ್ನ ಮಗ ಕಟ್ಟಲಿ" ಅಂದ. ಆದರೆ ಅದರ ಜೊತೆಗೇ, ಅಂಥ ಆಸೆ ನಿನ್ನ ಹೃದಯದಲ್ಲಿ ಇದ್ದದ್ದು ಒಳ್ಳೆಯದೇ ಅಂತ ಮೆಚ್ಚಿಕೊಂಡ. ಕಟ್ಟದವನನ್ನೂ ದೇವರು ಮೆಚ್ಚಿಕೊಂಡ! ಅಷ್ಟೇ ಅಲ್ಲ, ಪೂರ್ವಕಾಲವೃತ್ತಾಂತದಲ್ಲಿ ನೋಡಿ, ದಾವೀದನು ಕೂಡಿಸಿಟ್ಟ ಚಿನ್ನ, ಬೆಳ್ಳಿ, ಕಬ್ಬಿಣ, ದೇವದಾರು ಮರ ಯಾವುದೂ ವ್ಯರ್ಥ ಆಗಲಿಲ್ಲ. ಆಲಯದ ತುದಿಯನ್ನ ದಾವೀದ ನೋಡಲಿಲ್ಲ, ಅವನು ಕೂಡಿಸಿದ್ದು ಆಲಯದ ಒಳಗೆ ಇತ್ತು. ಹಲ್ಲೆಲೂಯಾ!

2 ಕೊರಿಂಥ 8:12ರ ಅರ್ಥವೂ ಅದೇ. ಮನಸ್ಸಿದ್ದರೆ, ಇರುವುದನ್ನ ನೋಡಿ ದೇವರು ಸ್ವೀಕರಿಸ್ತಾನೆ. ಇಲ್ಲದ್ದನ್ನ ಕೇಳಲ್ಲ.

ಆಮೇಲೆ ಅವನಿಗೆ ಒಂದೇ ಕೆಲಸ ಹೇಳಿದೆ: "ತಮ್ಮಾ, ಕೊಟ್ಟವರ ಹತ್ತಿರ ಹೋಗು. ಮುಟ್ಟಲಿಲ್ಲ ಅಂತ ನಿಜ ಹೇಳು." ಹೋದ. ನಮ್ಮ ಸಭೆಯಲ್ಲಿ ಮನೆಗೆಲಸ ಮಾಡೋ ಒಬ್ಬ ಸಹೋದರಿ ನೂರು ರೂಪಾಯಿ ಕೊಟ್ಟಿದ್ದರು. ಅವರ ಮುಂದೆ ಇವನು ಬೆಟ್ಟ, ಗಾಳಿ, ವಾಂತಿ ಎಲ್ಲಾ ವಿವರಿಸಿದ. ಅವರು ಸುಮ್ಮನೆ ಕೇಳಿಸಿಕೊಂಡು, "ಅದಿರಲಿ ಕಣಪ್ಪಾ, ಮಗುಗೆ ಆಪರೇಷನ್ ಆಯ್ತಾ?" ಅಂದರಂತೆ.

ಆಗಿದೆ. ಒಂದು ಮಗುವಿಗೆ ಆಗಿದೆ, ಇನ್ನೊಂದಕ್ಕೆ ದಿನ ಗೊತ್ತಾಗಿದೆ.

ಪ್ರಿಯರೇ, ನಾವು ಏನು ಮಾಡೋಣ? ಯುವಕರು ಹೋಗಲಿ ಅಂತಲೇ ನನ್ನ ಮನಸ್ಸು. ಆದ್ರೆ ಮೂರು ಮಾತು. ಹೋಗೋ ಖರ್ಚು ನಿಮ್ಮ ಸ್ವಂತದ್ದು. ಅದಕ್ಕೆ ಆಫ್ರಿಕಾನೇ ಆಗಬೇಕಿಲ್ಲ, ಬಸ್ಸಿನಲ್ಲಿ ಹೋಗಿ ಬರೋ ಬೆಟ್ಟ ಸಾಕು. ಕೂಡಿದ ಹಣ ಸಭೆಯ ಮೂರು ಜನರ ಮುಂದೆ ಎಣಿಸಿ ನೇರವಾಗಿ ಆಸ್ಪತ್ರೆಗೆ ಕಟ್ಟಬೇಕು, ರಸೀದಿ ಈ ಗೋಡೆಗೆ ಅಂಟಿಸಬೇಕು. ದಾರಿ ತೋರಿಸುವವನಿಗೆ, ಹೊರೆ ಹೊರುವವನಿಗೆ ಚೌಕಾಸಿ ಮಾಡದೆ ಕೂಲಿ ಕೊಡಬೇಕು. ಮೈ ಹುಷಾರಿಲ್ಲ ಅಂದ್ರೆ ನಾಚಿಕೆ ಇಲ್ಲದೆ ಇಳಿದು ಬನ್ನಿ. ನಮಗೆ ನೀವು ಬೇಕು.

ಬೆಟ್ಟ ಹತ್ತಲಾಗದ ಅಜ್ಜ ಅಜ್ಜಿಯರೇ, ಮಂಡಿ ನೋವಿರುವ ಅಮ್ಮಂದಿರೇ, ನಿಮಗೂ ಕೆಲಸ ಇದೆ. ದಿನ ಗೊತ್ತಾಗಿರುವ ಆ ಮಗುವಿನ ತಾಯಿ ಆಸ್ಪತ್ರೆಯಲ್ಲಿ ಒಬ್ಬಳೇ ಇರ್ತಾಳೆ. ಊಟ ತೆಗೆದುಕೊಂಡು ಹೋಗಲಿಕ್ಕೆ, ಒಂದು ರಾತ್ರಿ ಪಕ್ಕದಲ್ಲಿ ಕೂರಲಿಕ್ಕೆ ಯಾರಾದ್ರೂ ಬೇಕು. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಪುಸ್ತಕ ಇಟ್ಟಿರ್ತೇವೆ, ಹೆಸರು ಬರೆಸಿ ಹೋಗಿ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಮ್ಮ ಕೈಯಲ್ಲಿರುವ ಸ್ವಲ್ಪವನ್ನೂ ಮೆಚ್ಚುವ ದೇವರೇ, ನಿನಗೆ ಸ್ತೋತ್ರ. ಆಪರೇಷನ್ ಆದ ಮಗುವನ್ನ ಕಾಯಿ ತಂದೆಯೇ. ಕಾಯುತ್ತಿರುವ ಮಗುವಿನ ಮೇಲೆ ನಿನ್ನ ಕೈಯಿಡು. ವೈದ್ಯರ ಬೆರಳುಗಳನ್ನ ನಡೆಸು. ಇತರರ ಹೊರೆ ಹೊತ್ತು ಬೆನ್ನು ಬಾಗಿದವರನ್ನ ನೆನಸು. ಕೊಟ್ಟವರ ಮನೆಯಲ್ಲಿ ಹಿಟ್ಟು ಎಣ್ಣೆ ಕಡಿಮೆಯಾಗದಿರಲಿ. ಸೋತೆನೆಂದು ತಲೆ ತಗ್ಗಿಸಿದವರ ತಲೆಯನ್ನ ನೀನೇ ಎತ್ತು ಕರ್ತನೇ. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ, ಆಮೆನ್.