ಜೀರ್ಣವಾಗುವುದೆಂದರೇನು?

ನಿತ್ಯವ್ಯವಹಾರದ ಮಾತುಗಳಲ್ಲಿ ಕೆಲವು ಎರಡು ಮುಖಗಳನ್ನು ಹೊತ್ತಿರುತ್ತವೆ. ‘ಜೀರ್ಣ’ ಎಂಬುದು ಅಂತಹ ಒಂದು ಮಾತು. ಸಂಸ್ಕೃತದ ‘ಜೄ’ ಧಾತುವಿನಿಂದ ಬಂದ ಈ ಪದಕ್ಕೆ ಹಳತಾದದ್ದು, ಸವೆದದ್ದು, ಶಿಥಿಲವಾದದ್ದು ಎಂದರ್ಥ. ಮುಪ್ಪನ್ನು ಹೇಳುವ ‘ಜರಾ’ ಶಬ್ದವೂ ಮುಪ್ಪಿಲ್ಲದವನನ್ನು ಹೇಳುವ ‘ಅಜರ’ ಶಬ್ದವೂ ಇದರ ಒಡಹುಟ್ಟುಗಳೇ. ಹರಿದ ಬಟ್ಟೆ ಜೀರ್ಣವಸ್ತ್ರ. ಬಹುದಿನ ಬಿಡದೆ ಕಾಡುವ ಜ್ವರ ಜೀರ್ಣಜ್ವರ. ಆದರೆ ಇದೇ ಮಾತು ಊಟದ ಎಲೆಯ ಮುಂದೆ ಬಂದಾಗ ಅದರ ಬಣ್ಣವೇ ಬೇರೆ. ಅನ್ನ ಜೀರ್ಣವಾಯಿತೆಂದು ಯಾರೂ ದುಃಖಿಸುವುದಿಲ್ಲ, ಆಗಲಿಲ್ಲವೆಂದಾಗಲೇ ಚಿಂತೆ. ಬಟ್ಟೆ ಜೀರ್ಣವಾದರೆ ನಷ್ಟ, ಅನ್ನ ಜೀರ್ಣವಾದರೆ ಪುಷ್ಟಿ. ಒಂದೇ ಪದಕ್ಕೆ ಈ ಎರಡು ಫಲಗಳು ಹೇಗೆ?

ವಿಚಾರಿಸಿ ನೋಡಿದರೆ ಎರಡೂ ಕಡೆ ನಡೆಯುವ ಕ್ರಿಯೆ ಒಂದೇ: ರೂಪದ ನಾಶ. ಅಕ್ಕಿ ಅನ್ನವಾಗಿ, ಅನ್ನ ರಸವಾಗಿ, ರಸ ರಕ್ತವಾಗುವಾಗ ಹಿಂದಿನ ರೂಪ ಅಳಿಯಲೇಬೇಕು. ಹಾಗೆ ಅಳಿದುದರ ಸಾರವನ್ನು ಸ್ವೀಕರಿಸುವ ಒಡಲೊಂದು ಇದ್ದರೆ ಅದು ಪಚನ, ಇಲ್ಲದಿದ್ದರೆ ಬರಿಯ ಕ್ಷಯ. ಭಗವದ್ಗೀತೆಯ ಎರಡನೆಯ ಅಧ್ಯಾಯ ಜೀರ್ಣವಾದ ದೇಹವನ್ನು ಜೀರ್ಣವಾದ ಬಟ್ಟೆಗೆ ಹೋಲಿಸುತ್ತದೆ. ಹದಿನೈದನೆಯ ಅಧ್ಯಾಯದಲ್ಲಿ ಭಗವಂತನೇ ತಾನು ವೈಶ್ವಾನರಾಗ್ನಿಯಾಗಿ ಪ್ರಾಣಿಗಳ ಒಡಲಲ್ಲಿದ್ದು ನಾಲ್ಕು ಬಗೆಯ ಅನ್ನವನ್ನು ಪಚನಮಾಡುವೆನೆಂದು ಹೇಳುತ್ತಾನೆ. ಕಳಚಿ ಬೀಳುವುದು ಎಷ್ಟು ಸಹಜವೋ, ಅರಗಿಸಿಕೊಳ್ಳುವುದು ಅಷ್ಟೇ ದೈವಿಕವೆಂಬುದು ಇದರಿಂದ ತಿಳಿಯುತ್ತದೆ.

ಮಹಾಭಾರತದ ವನಪರ್ವದಲ್ಲಿ ಬರುವ ವಾತಾಪಿಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಬಾದಾಮಿಯ ಪ್ರಾಚೀನ ನಾಮವಾದ ವಾತಾಪಿಯನ್ನು ಜನ ಈ ಅಸುರನೊಂದಿಗೇ ಸೇರಿಸಿ ಹೇಳುವುದುಂಟು. ಇಲ್ವಲನು ತಮ್ಮನನ್ನು ಆಡಾಗಿಸಿ, ಅಡಿಗೆಮಾಡಿ, ಅತಿಥಿಗೆ ಬಡಿಸಿ, ಬಳಿಕ ಹೆಸರು ಹಿಡಿದು ಕರೆಯುತ್ತಿದ್ದನು. ವಾತಾಪಿ ಹೊಟ್ಟೆಯನ್ನು ಸೀಳಿಕೊಂಡು ಹೊರಬರುತ್ತಿದ್ದನು. ಅಗಸ್ತ್ಯರ ಮುಂದೆ ಮಾತ್ರ ಆ ಆಟ ನಡೆಯಲಿಲ್ಲ. ಕರೆಯುವ ಮೊದಲೇ ಅವನು ಜೀರ್ಣವಾಗಿದ್ದನು. ಇಂದಿಗೂ ಕೂಸಿನ ಹೊಟ್ಟೆ ನೀವುವ ತಾಯಂದಿರು ಈ ಕಥೆಯನ್ನು ನೆನೆಯುತ್ತಾರೆ. ದುಃಖ, ಅಪಮಾನ, ಸಿರಿವಂತಿಕೆ, ಪಾಂಡಿತ್ಯ ಯಾವುದೇ ಆಗಲಿ, ನುಂಗಿದ್ದು ಅರಗದಿದ್ದರೆ ಒಂದು ದಿನ ಒಡಲನ್ನೇ ಸೀಳುತ್ತದೆ. ಧನದ ಅಜೀರ್ಣ ಮದವಾಗುತ್ತದೆ, ವಿದ್ಯೆಯ ಅಜೀರ್ಣ ವಿತಂಡವಾದವಾಗುತ್ತದೆ.

ಈ ಪದದ ಮತ್ತೊಂದು ಪವಿತ್ರ ಪ್ರಯೋಗ ‘ಜೀರ್ಣೋದ್ಧಾರ’. ಹಳೆಯ ಗುಡಿಯನ್ನು ದುರಸ್ತಿಗೆ ಬಿಚ್ಚುವ ಮೊದಲು ಮೂರ್ತಿಯ ಸಾನ್ನಿಧ್ಯವನ್ನು ಕಲಶಕ್ಕೆ ಆವಾಹಿಸಿ, ಬಾಲಾಲಯದಲ್ಲಿರಿಸಿ, ಪೂಜೆ ನಿಲ್ಲದಂತೆ ನೋಡಿಕೊಳ್ಳುವುದು ಆಗಮೋಕ್ತ ಪದ್ಧತಿ. ಕಲ್ಲು ಬಿಚ್ಚುವುದು ಆಮೇಲಿನ ಮಾತು. ಪುರಿಯ ಜಗನ್ನಾಥನ ದಾರುಮೂರ್ತಿಗಳೂ ಕಾಲಕಾಲಕ್ಕೆ ಬದಲಾಗುತ್ತವೆ. 1977, 1996 ಮತ್ತು 2015ರಲ್ಲಿ ನವಕಳೇಬರೋತ್ಸವ ನಡೆದಾಗ, ಹಳೆಯ ಮೂರ್ತಿಗಳೊಳಗಿನ ‘ಬ್ರಹ್ಮಪದಾರ್ಥ’ವನ್ನು ಹೊಸ ಮೂರ್ತಿಗಳಿಗೆ ಸೇರಿಸಿದ ಬಳಿಕವೇ ಹಳೆಯವುಗಳಿಗೆ ದೇವಾಲಯದ ಆವರಣದಲ್ಲಿ ಸಮಾಧಿಯಾಯಿತು. ದೇವರ ಮರವೂ ಜೀರ್ಣವಾಗುತ್ತದೆಂದು ಒಪ್ಪಿಕೊಳ್ಳುವ ಧೈರ್ಯ ಅಲ್ಲಿದೆ. ಸಾರವನ್ನು ಸಾಗಿಸದೆ ಮರವನ್ನು ಮಣ್ಣಿಗಿಡಬಾರದೆಂಬ ಎಚ್ಚರವೂ ಇದೆ.

ಊರು ಬಿಟ್ಟು ಮಹಾನಗರದಲ್ಲಿ ನೆಲೆಸಿದ ಕನ್ನಡಿಗನಿಗೆ ಈ ವಿಚಾರ ದೂರದ್ದಲ್ಲ. ಅವನ ಊರಿನ ಮನೆಯ ಹೆಂಚು ಜಾರಿರಬಹುದು, ತೊಲೆಗೆ ಗೆದ್ದಲು ಹಿಡಿದಿರಬಹುದು. ಅವೆಲ್ಲವನ್ನೂ ಎತ್ತಿ ಹಿಡಿಯುವುದು ಅವನಿಂದಾಗದು. ಅದಕ್ಕಾಗಿ ಕೊರಗುವುದೂ ವಿಹಿತವಲ್ಲ. ಆದರೆ ಆ ಮನೆಯ ಹಾಡು, ಹಸೆ, ಗಾದೆ, ಹಬ್ಬದಡಿಗೆ, ಬಂದವರನ್ನು ಆದರಿಸುವ ರೀತಿ ಮುಂದಿನ ಪೀಳಿಗೆಯ ರಕ್ತಕ್ಕೆ ಇಳಿದವೇ, ಇಲ್ಲವೇ ಎಂಬುದು ಅವನು ಉತ್ತರಿಸಬೇಕಾದ ಪ್ರಶ್ನೆ. ವರ್ಷಕ್ಕೊಮ್ಮೆ ಗೊಂಬೆಗಳಂತೆ ಪೆಟ್ಟಿಗೆಯಿಂದ ತೆಗೆದು ಮತ್ತೆ ಮುಚ್ಚಿಡುವ ಭಾಷೆ ಅರಗಿದ ಭಾಷೆಯಲ್ಲ. ಮಕ್ಕಳು ಜಗಳವಾಡುವಾಗ, ನಗುವಾಗ, ನೋವಾದಾಗ ಬಾಯಿಗೆ ಬರುವುದೇ ಅರಗಿದ ಭಾಷೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬಟ್ಟೆಯ ಉಪಮಾನವನ್ನು ಮನುಷ್ಯರ ಮೇಲೆ ಹೊರಿಸಬಾರದು. ಸವೆದ ನೋಟನ್ನು ಬ್ಯಾಂಕಿಗೆ ಒಪ್ಪಿಸಿದರೆ ಅಷ್ಟೇ ಬೆಲೆಯ ಹೊಸ ನೋಟು ದೊರೆಯುತ್ತದೆ. ಸವೆದ ತಂದೆತಾಯಿಗಳಿಗೆ ಬದಲಿಲ್ಲ. ಜೀರ್ಣದೇಹವನ್ನು ಕಳಚುವ ಅಧಿಕಾರ ಗೀತೆಯಲ್ಲಿ ಅದನ್ನು ಧರಿಸಿದ ದೇಹಿಯದು, ಪಕ್ಕದಲ್ಲಿ ನಿಂತು ನೋಡುವವರದಲ್ಲ. ಊರಿನಿಂದ ಬಂದು ಮಗನ ಫ್ಲ್ಯಾಟಿನ ಮೂಲೆಯ ಕೋಣೆಯಲ್ಲಿ ಕುಳಿತ ವೃದ್ಧೆಗೆ ಹೊತ್ತಿಗೆ ಸರಿಯಾಗಿ ಅನ್ನವೂ ಔಷಧಿಯೂ ಸಿಗುತ್ತಿರಬಹುದು. ಆದರೆ ಆಕೆ ಬಲ್ಲ ಹಾಡುಗಳನ್ನು ಕೇಳುವ ಮೊಮ್ಮಕ್ಕಳಿಲ್ಲದಿದ್ದರೆ, ಆಕೆಯ ನೆನಪುಗಳು ಒಂದೊಂದಾಗಿ ಯಾರ ಒಡಲನ್ನೂ ಸೇರದೆ ಬತ್ತಿಹೋಗುತ್ತವೆ. ಅದು ಪಚನವಲ್ಲ, ಕ್ಷಯ. ಅದರ ಹೊಣೆ ಕಾಲದ್ದಲ್ಲ, ಮನೆಯವರದು. ದಿನಕ್ಕೆ ಅರ್ಧ ಗಂಟೆ ಆಕೆಯ ಬಳಿ ಕುಳಿತು ಕೇಳುವುದೇ ಆ ಮನೆಯ ಜೀರ್ಣೋದ್ಧಾರ.

ದೇವೀಮಾಹಾತ್ಮ್ಯದಲ್ಲಿ ದೇವತೆಗಳು ಜಗನ್ಮಾತೆಯನ್ನು ಬುದ್ಧಿಯೆಂದು, ಶಕ್ತಿಯೆಂದು ಸ್ತುತಿಸುವಾಗ, ಸಕಲ ಪ್ರಾಣಿಗಳಲ್ಲಿ ಹಸಿವಾಗಿ ನೆಲೆಸಿರುವವಳೆಂದೂ ನಮಿಸುತ್ತಾರೆ. ಹಸಿವಿಲ್ಲದವನಿಗೆ ಮೃಷ್ಟಾನ್ನವೂ ಅಜೀರ್ಣವೇ. ಹಿರಿಯರಿಂದ ಬಂದುದನ್ನು ಬಯಸುವ ಹಸಿವನ್ನೂ, ಅದನ್ನು ಅರಗಿಸಿಕೊಳ್ಳುವ ಅಗ್ನಿಯನ್ನೂ ಆ ತಾಯಿ ಈ ನವರಾತ್ರಿಯಲ್ಲಿ ಪ್ರತಿಯೊಂದು ಮನೆಗೂ ಕರುಣಿಸಲಿ.